ದೊಡ್ಡಜಾಲ ಸ್ಟೇಷನ್ ಯಾವ ಕಾಲದ್ದು, ಅಷ್ಟು ಚಿಕ್ಕದು ಯಾಕೆ?

ಕಿಟಕಿ_ಸೀಟು:
ಯಲಹಂಕದಿಂದ ದೇವನಹಳ್ಳಿ ಕಡೆ ಹೋಗ್ವಾಗ ದೊಡ್ಡಜಾಲ ಅಂತ ಸ್ಟೇಷನ್ ಸಿಗುತ್ತಲ್ಲ, ಕಲ್ಲಿನ ಗೋಡೆ, ಹೆಂಚಿನ ಮಾಡು, ನೋಡಿದ್ರೆ ಯಾರದೋ ತೋಟದ ಮನೆ ಇದ್ದಂಗಿದೆ. ಬ್ರಿಟಿಷರು ಕಟ್ಟಿದ್ದು ಅಂತಾರೆ, ನಿಜಾನಾ? ಇಷ್ಟುದ್ದ ಗಾಡಿ ಓಡೋ ಲೈನಿಗೆ ಇಷ್ಟು ಪುಟ್ಟ ಕಟ್ಟಡ ಯಾಕೆ?

ಹಳಿ_ಹುಚ್ಚ:
ಬ್ರಿಟಿಷರದ್ದಲ್ಲ ಗುರು, ಮೈಸೂರು ಸಂಸ್ಥಾನದ ಕಾಲದ್ದು. 1912ರಿಂದ 1918ರವರೆಗೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ರಲ್ಲ, ಹೆಚ್ಚುಕಮ್ಮಿ ಅದೇ ಟೈಮಲ್ಲಿ ಬೆಂಗಳೂರು-ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಅಂತ ಹಾಕಿದ್ದು. ಆಗ ನ್ಯಾರೋಗೇಜು, ಎರಡು ಹಳಿ ಮಧ್ಯೆ ಬರೀ 762 ಮಿ.ಮೀ., ಈಗಿನ ಬ್ರಾಡ್‌ಗೇಜು 1676, ಅರ್ಧಕ್ಕೂ ಕಮ್ಮಿ ನೋಡಿ. ಲೈಟ್ ರೈಲ್ವೆ ಅಂದ್ರೆ ಖರ್ಚು ಕಮ್ಮಿ ಮಾಡೋದೇ ಉದ್ದೇಶ, ಹಗುರ ಹಳಿ, ಸಣ್ಣ ಇಂಜಿನ್ನು, ಗುಡ್ಡ ಬಂದ್ರೆ ಕಡಿಯೋ ಬದಲು ಸುತ್ತಿ ಹೋಗೋದು, ಹಂಗಾಗಿ ಸ್ಟೇಷನ್ನೂ ಅದಕ್ಕೆ ತಕ್ಕಷ್ಟೇ. ಗಾಡಿ ಆಮೇಲೆ ದೊಡ್ಡದಾಯ್ತು, ಕಟ್ಟಡ ಹಂಗೇ ಉಳೀತು. ಈ ನ್ಯಾರೋಗೇಜು ಚಿಂತಾಮಣಿ, ಕೋಲಾರ ದಾಟಿ ಬಂಗಾರಪೇಟೆವರೆಗೂ ಇತ್ತು, ಚಿಕ್ಕಬಳ್ಳಾಪುರ-ಕೋಲಾರ ಮಧ್ಯೆ ಬ್ರಾಡ್‌ಗೇಜ್ ಟ್ರೇನ್ ಓಡಿದ್ದು 2013ರಲ್ಲಿ!

ನಂದಿ_ಟ್ರೆಕ್ಕರ್:
ದೊಡ್ಡಜಾಲ ಒಂದೇ ಅಲ್ಲ, ದೇವನಹಳ್ಳಿ, ಅವತಿಹಳ್ಳಿ, ನಂದಿ ಹಾಲ್ಟ್ ಎಲ್ಲಾ ಅದೇ ಲೈನಿನ ಹಳೇ ಸ್ಟೇಷನ್ನುಗಳು. ಈ ನಾಲ್ಕನ್ನೂ ಉಳಿಸ್ಬೇಕು ಅಂತ ಇಂಟ್ಯಾಕ್‌ನ (ಹಳೇ ಕಟ್ಟಡ, ಪರಂಪರೆ ಕಾಪಾಡೋ ಸಂಸ್ಥೆ) ಬೆಂಗಳೂರು ಘಟಕದೋರು ನೈರುತ್ಯ ರೈಲ್ವೆ ಜತೆ ಕೈ ಹಾಕಿದ್ರು. ನಂದಿ ಹಾಲ್ಟಲ್ಲಿ ಇಳಿದು ನೋಡಿ, ಭೋಗನಂದೀಶ್ವರ ದೇವಸ್ಥಾನಾನೂ ಹತ್ರಾನೇ.

ಕಿಟಕಿ_ಸೀಟು:
ಓ, ಥ್ಯಾಂಕ್ಸ್ ಸರ್. ಹಂಗಾದ್ರೆ ಏರ್‌ಪೋರ್ಟ್ ಹತ್ರ ಇರೋದು? ಅದೂ ಹಳೇದಾ?

ಹಳಿ_ಹುಚ್ಚ:
ಅಯ್ಯೋ ಅದು ನಿನ್ನೆ ಮೊನ್ನೆದು, 2021ರ ಜನವರಿಲಿ ಶುರುವಾಗಿದ್ದು. ಹಾಲ್ಟ್ ಸ್ಟೇಷನ್ನು ಅಂದ್ರೆ ಗಾಡಿ ನಿಲ್ಲುತ್ತೆ ಅಷ್ಟೇ, ಎದುರು ಗಾಡಿಗೆ ಸೈಡ್ ಕೊಡೋಕೆ ಇನ್ನೊಂದು ಲೈನ್ ಇರಲ್ಲ. ನನ್ ಕೇಳಿದ್ರೆ ಈ ಹಳೇ ಲೈನಿಗೆ ಮತ್ತೆ ಜೀವ ಬಂದಿದ್ದೇ ಏರ್‌ಪೋರ್ಟಿಂದ, ಸಬ್‌ಅರ್ಬನ್ ರೈಲಿನ ಸಂಪಿಗೆ ಮಾರ್ಗಾನೂ ದೇವನಹಳ್ಳಿಗೇ ಪ್ಲಾನ್ ಮಾಡಿರೋದು. ಅದರ ಗಲಾಟೇಲಿ ಆ ಕಲ್ಲು ಕಟ್ಟಡ ಕೆಡವದೇ ಇದ್ರೆ ಸಾಕು.

ನಂದಿ_ಟ್ರೆಕ್ಕರ್:
ಫೋಟೋ ತೆಗೆಯೋಕೆ ಹೋಗೋದಾದ್ರೆ ವಾಪಸ್ ಟ್ರೇನ್ ಟೈಮ್ ಮೊದಲೇ ನೋಡ್ಕೊಳ್ಳಿ, ಆ ಲೈನಲ್ಲಿ ಗಾಡಿಗಳು ತುಂಬಾ ಕಮ್ಮಿ.