ಒಂದು ಟೆಸ್ಟ್ ಕೆಟ್ಟರೆ ಓದೇ ನಿಂತುಹೋಗುತ್ತೆ, ಛಲ ಉಳಿಸಿಕೊಳ್ಳೋದು ಹೇಗೆ?

ಕೊನೆಬೆಂಚು:
ಮೊದಲ ಎರಡು ವಾರ ಟೈಮ್‌ಟೇಬಲ್ ಹಾಕ್ಕೊಂಡು ದಿನಕ್ಕೆ ಐದು ಗಂಟೆ ಓದ್ತೀನಿ. ಟೆಸ್ಟ್‌ನಲ್ಲಿ 100ಕ್ಕೆ 38 ಬಂದರೆ ಅಲ್ಲಿಗೆ ಮುಗೀತು, ಪುಸ್ತಕ ತೆರೆದ ಕೂಡಲೇ ‘ಇದು ನನ್ನ ಕೈಲಿ ಆಗಲ್ಲ’ ಅನ್ನಿಸುತ್ತೆ. ಎಲ್ಲರೂ ‘ಪಾಸಿಟಿವ್ ಆಗಿರು’ ಅಂತಾರೆ. ಅದನ್ನ ಮಾಡೋದು ಹೇಗೆ? ದಯವಿಟ್ಟು ಉಪದೇಶ ಬೇಡ, ನಾಳೆ ಬೆಳಿಗ್ಗೆ ಏನು ಮಾಡ್ಬೇಕು ಹೇಳಿ.

ಕೆಂಪುಶಾಯಿ:
38 ಅನ್ನೋದು ಬರೀ ಮೊತ್ತ. ಹೋದ 62 ಅಂಕ ಎಲ್ಲೆಲ್ಲಿ ಹೋಯ್ತು ಅಂತ ಲೆಕ್ಕ ಹಾಕಿ. ಉತ್ತರಪತ್ರಿಕೆ ಕೈಗೆ ಬಂದ 24 ಗಂಟೆಯೊಳಗೆ ಈ ಕೆಲಸ ಆಗಬೇಕು. ತಡವಾದರೆ ‘ಹಾಗ್ಯಾಕೆ ಬರೆದೆ’ ಅನ್ನೋದೇ ಮರೆತುಹೋಗುತ್ತೆ.

ಅಂಕ ಹೋದ ಪ್ರತಿ ಜಾಗದ ಪಕ್ಕ ಒಂದಕ್ಷರ ಹಾಕಿ. ಪಾಠವೇ ಗೊತ್ತಿರಲಿಲ್ಲ ಅಂದ್ರೆ ‘ಗೊ’, ಓದಿ ಮರೆತಿದ್ರೆ ‘ಮ’, ಕೈತಪ್ಪಿಗೆ ‘ಕ’, ಸಮಯ ಸಾಲದಿದ್ರೆ ‘ಸ’. ಉದಾಹರಣೆಗೆ ಗೊ 20, ಮ 18, ಕ 9, ಸ 15 ಬಂತು ಅನ್ಕೊಳ್ಳಿ. ಹೊಸದಾಗಿ ಓದಬೇಕಾದ್ದು ಆ 20 ಅಂಕದಷ್ಟು ಪಾಠ ಮಾತ್ರ. 18ಕ್ಕೆ ಪುಸ್ತಕ ಮುಚ್ಚಿಟ್ಟು ನೆನಪಿನಿಂದ ಬರೆಯೋ ಅಭ್ಯಾಸ ಬೇಕು. 15ಕ್ಕೆ ಗಡಿಯಾರ: 100 ಅಂಕಕ್ಕೆ 180 ನಿಮಿಷ ಇದ್ದು, ತಿರುಗಿ ನೋಡೋಕೆ 10 ನಿಮಿಷ ಉಳಿಸಿದರೆ ಅಂಕಕ್ಕೆ 1.7 ನಿಮಿಷ ಸಿಗುತ್ತೆ. ಅಂದ್ರೆ 5 ಅಂಕದ ಪ್ರಶ್ನೆಗೆ ಎಂಟೂವರೆ ನಿಮಿಷ, ಆಮೇಲೆ ಮುಂದಿನದಕ್ಕೆ ಹೋಗ್ತಾ ಇರಬೇಕು.

ತಪ್ಪುಗಳಿಗೆ ಅಂತಲೇ ಒಂದು ನೋಟ್‌ಬುಕ್ ಇಡಿ. ಅಲ್ಲಿ ಹೆಚ್ಚಿನವರು ಎಡವೋದು ಬರೆಯೋ ರೀತೀಲಿ. ‘ಬೀಜಗಣಿತ ವೀಕ್’ ಅಂತ ಬರೆದರೆ ಅದು ಬೈಗುಳ, ಅದರಿಂದ ಮಾಡೋಕೆ ಏನೂ ಸಿಗಲ್ಲ. ‘ಆವರಣದ ಹೊರಗೆ ಮೈನಸ್ ಇದ್ದಾಗ ಒಳಗಿನ ಎರಡನೇ ಪದದ ಚಿಹ್ನೆ ಬದಲಿಸಲಿಲ್ಲ’ ಅಂತ ಬರೀರಿ. ಅದೇ ಬಗೆಯ ಬೇರೆ ಲೆಕ್ಕ ಮರುದಿನ ಒಂದು, 3 ದಿನ ಬಿಟ್ಟು ಒಂದು, 7 ದಿನ ಬಿಟ್ಟು ಒಂದು ಮಾಡಿ. ಮೂರೂ ಸರಿ ಬಂದರೆ ಆ ಸಾಲಿನ ಮೇಲೆ ಗೆರೆ ಎಳೀರಿ. ಹೊಡೆದುಹಾಕಿದ ಸಾಲುಗಳು ಕಣ್ಣಿಗೆ ಕಾಣೋದು ಎಷ್ಟೋ ಹುರಿದುಂಬಿಸೋ ಮಾತಿಗಿಂತ ಮೇಲು.

ಮನೋಗತಿ:
‘ಪಾಸಿಟಿವ್’ ಬಗ್ಗೆ ಒಂದು ಮಾತು. ಸೋಲಿಗೆ ನಾವು ಕೊಟ್ಟುಕೊಳ್ಳುವ ಕಾರಣವನ್ನು ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್ಮನ್ ಮೂರು ಕಡೆಯಿಂದ ನೋಡುತ್ತಾರೆ: ಇದು ಯಾವಾಗಲೂ ಹೀಗೆಯೇ? ಎಲ್ಲದರಲ್ಲೂ ಹೀಗೆಯೇ? ಎಲ್ಲಾ ನನ್ನಿಂದಲೇ? ‘ನನಗೆ ಗಣಿತ ಬರಲ್ಲ’ ಎಂಬ ಮಾತನ್ನು ‘ಈ ಸಲ, ತ್ರಿಕೋನಮಿತಿಯಲ್ಲಿ, ಅಭ್ಯಾಸ ಮಾಡದ ಎರಡು ಬಗೆಯ ಲೆಕ್ಕಗಳಲ್ಲಿ ಅಂಕ ಹೋಯಿತು’ ಎಂದು ತಿದ್ದಿ ಬರೆಯಿರಿ. ಇದರಲ್ಲಿ ಸಿಹಿಲೇಪನವೇನೂ ಇಲ್ಲ, ಮಾತು ನಿಖರವಾಗಿದೆ ಅಷ್ಟೇ.

ಇನ್ನೊಂದು, ರ‍್ಯಾಂಕ್ ಬಂದಂತೆ ಕಣ್ಮುಚ್ಚಿ ಕಲ್ಪಿಸಿಕೊಳ್ಳುವ ಅಭ್ಯಾಸ. ಬರೀ ಗೆಲುವಿನ ಕನಸು ಕಂಡರೆ ದುಡಿಯುವ ಹುರುಪು ಇಳಿಯುತ್ತದೆ ಎಂದು ಮನಶ್ಶಾಸ್ತ್ರಜ್ಞೆ ಗೇಬ್ರಿಯೆಲ್ ಎಟಿಂಗೆನ್ ಅವರ ಪ್ರಯೋಗಗಳು ತೋರಿಸಿವೆ. ಗುರಿಯನ್ನು ನೆನೆದ ಕೂಡಲೇ ಅದಕ್ಕಿರುವ ಅಡ್ಡಿಯನ್ನೂ ನೆನೆದು, ಆಮೇಲೆ ‘ಹೀಗಾದರೆ ಹೀಗೆ’ ಎಂದು ಬರೆದಿಡಬೇಕು. ‘ಒಂದು ಲೆಕ್ಕದಲ್ಲಿ 10 ನಿಮಿಷ ಸಿಕ್ಕಿಕೊಂಡರೆ, ಎಲ್ಲಿ ಸಿಕ್ಕಿಕೊಂಡೆ ಎಂದು ಒಂದು ಸಾಲು ಬರೆದು, ಬಿಡಿಸಿದ ಉದಾಹರಣೆಯ ಮೊದಲ ಹೆಜ್ಜೆ ಮಾತ್ರ ನೋಡುತ್ತೇನೆ.’ ‘ಕಷ್ಟ ಬಂದರೆ ಬಿಡಲ್ಲ’ ಎಂದು ಬರೆದರೆ ಉಪಯೋಗಕ್ಕೆ ಬಾರದು. ಯಾವಾಗ, ಏನು ಎಂಬುದು ಅದರಲ್ಲಿ ಇಲ್ಲವಲ್ಲ.

ಅಡ್ಡಮಾತು:
ಛಲ, ಮನೋಭಾವ ಅಂತ ಅತಿಯಾಗಿ ಹೇಳೋದಕ್ಕೆ ನನ್ನ ತಕರಾರಿದೆ. ‘ಬುದ್ಧಿಶಕ್ತಿ ಬೆಳೆಸಿಕೊಳ್ಳಬಹುದು’ ಅಂತ ಕಲಿಸೋ ಒಂದು ಗಂಟೆಗೂ ಕಮ್ಮಿ ಅವಧಿಯ ಆನ್‌ಲೈನ್ ಪಾಠವನ್ನ ಅಮೆರಿಕದ ಒಂಬತ್ತನೇ ತರಗತಿಯ ಸಾವಿರಾರು ಮಕ್ಕಳ ಮೇಲೆ ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಓದಿನಲ್ಲಿ ಹಿಂದಿದ್ದವರ ಗ್ರೇಡ್ (ಸುಮಾರು 4ಕ್ಕೆ ಲೆಕ್ಕ ಹಾಕೋ ಸರಾಸರಿ) ಏರಿದ್ದು ಸುಮಾರು 0.1 ಪಾಯಿಂಟ್. ಪ್ರಯೋಜನ ಇದೆ, ಆದರೆ ಪವಾಡ ಅಲ್ಲ.

ತಪ್ಪು ವಿಧಾನಕ್ಕೆ ಛಲ ಹಿಡಿದರೆ ಬರೀ ಸುಸ್ತು. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ತೋರಿಸಿದ್ದು ಇದನ್ನೇ: ಓದಿದ್ದನ್ನೇ ಮತ್ತೆ ಓದಿದವರು 5 ನಿಮಿಷದ ನಂತರದ ಪರೀಕ್ಷೇಲಿ ಮುಂದಿದ್ದರು. ವಾರದ ನಂತರ, ಮತ್ತೆ ಓದೋ ಬದಲು ನೆನಪಿನಿಂದ ಬರೆದವರು ಮುಂದಿದ್ದರು. ಮರುಓದು ಸಲೀಸಾಗಿ ಸಾಗುತ್ತೆ, ‘ಬಂತು’ ಅನ್ನಿಸುತ್ತೆ. ನೆನಪಿಸಿಕೊಳ್ಳೋಕೆ ಹೊರಟರೆ ತಡವರಿಕೆ, ‘ನಾನು ದಡ್ಡ’ ಅನ್ನಿಸುತ್ತೆ, ಮತ್ತೆ ಪುಸ್ತಕಕ್ಕೆ ಓಡ್ತೀವಿ. ಛಲ ಬೇಕಾಗಿರೋದು ಆ ತಡವರಿಕೆಯ ಎರಡು ನಿಮಿಷಕ್ಕೆ. ಹಾಳೆ ಖಾಲಿ ಇದ್ದರೂ ಪುಸ್ತಕ ತೆರೀಬೇಡಿ. ತಿಳಿದಷ್ಟು ಬರೆದು, ಆಮೇಲೆ ತೆರೆದು ಬಿಟ್ಟಿದ್ದನ್ನ ಬೇರೆ ಬಣ್ಣದ ಪೆನ್ನಲ್ಲಿ ತುಂಬಿ.

ಕೊನೆಬೆಂಚು:
ಅಕ್ಷರ ಹಾಕೋ ಕೆಲಸ ನಾಳೇನೇ ಶುರು. ಇನ್ನೊಂದು ಪ್ರಶ್ನೆ, ಒಂದು ದಿನ ತಪ್ಪಿದರೆ ಇಡೀ ವಾರ ಹೋಗುತ್ತಲ್ಲ, ಅದಕ್ಕೇನು?

ಕೆಂಪುಶಾಯಿ:
ತಪ್ಪಿದ ದಿನದ ಐದು ಗಂಟೇನ ಮರುದಿನಕ್ಕೆ ಸೇರಿಸ್ತೀರಿ, ಹತ್ತು ಗಂಟೆ ಆಗುತ್ತೆ, ಅದೂ ಆಗಲ್ಲ. ವಾರ ಹೋಗೋದು ಹೀಗೆ. ಬಾಕಿಯನ್ನ ಮುಂದಕ್ಕೆ ತಳ್ಳಬೇಡಿ, ವಾರಕ್ಕೆ ಅರ್ಧ ದಿನ ಖಾಲಿ ಇಟ್ಟು ಅಲ್ಲಿಗೆ ಹಾಕಿ. ಶುರುವಿನಲ್ಲಿ ಐದು ಗಂಟೆ ಬೇಡ. 25 ನಿಮಿಷ ಓದು, 5 ನಿಮಿಷ ಬಿಡುವು, ಹೀಗೆ ನಾಲ್ಕು ಸುತ್ತು ಸಾಕು. ಏನೂ ಆಗದ ದಿನಕ್ಕೆ ಒಂದೇ ಒಂದು ಲೆಕ್ಕ, 10 ನಿಮಿಷ.

ಮನೋಗತಿ:
ಲಂಡನ್‌ನಲ್ಲಿ 96 ಜನರ ಮೇಲೆ ನಡೆದ ಅಧ್ಯಯನದಲ್ಲಿ ಹೊಸ ಅಭ್ಯಾಸ ತಾನಾಗಿಯೇ ನಡೆಯುವ ಹಂತಕ್ಕೆ ಬರಲು ಮಧ್ಯಾಂಕದ ಲೆಕ್ಕದಲ್ಲಿ 66 ದಿನ ಬೇಕಾಯಿತು. ಕೆಲವರಿಗೆ 18 ಸಾಕಾದವು, ಇನ್ನು ಕೆಲವರ ಲೆಕ್ಕ 254ರವರೆಗೂ ಹೋಯಿತು. ನಡುವೆ ಒಂದು ದಿನ ತಪ್ಪಿದ್ದು ಹೇಳಿಕೊಳ್ಳುವಷ್ಟು ವ್ಯತ್ಯಾಸ ಮಾಡಲಿಲ್ಲ. ಹಾಗಾಗಿ ಎರಡು ವಾರಕ್ಕೇ ‘ನನಗೆ ಶಿಸ್ತಿಲ್ಲ’ ಎಂದು ತೀರ್ಪು ಕೊಟ್ಟುಕೊಳ್ಳಬೇಡಿ. ಆದರೆ ಎರಡು ವಾರ ದಾಟಿದರೂ ನಿದ್ದೆ, ಊಟ, ಯಾವುದರಲ್ಲೂ ಆಸಕ್ತಿ ಇಲ್ಲ ಎನ್ನುವಂತಿದ್ದರೆ ಅದು ಟೈಮ್‌ಟೇಬಲ್ಲಿನ ಸಮಸ್ಯೆಯಲ್ಲ, ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ.