‘ಹೇಳಿದ್ರೆ ಮಾಡ್ತಿದ್ದೆ’ ಅಂದರೆ ಏನು ಹೇಳೋದು?

ಪ್ರಶ್ನೆ:
ಎಲ್ಲರ ಊಟ ಮುಗಿದ ಮೇಲೆ ತಣ್ಣಗಾದ ಪಾತ್ರೆಯ ತಳ ಕೆರೆದು ಅಮ್ಮ ಊಟ ಮಾಡುತ್ತಿದ್ದಳು. ನಾನು ಕೆಲಸಕ್ಕೂ ಹೋಗುತ್ತೇನೆ. ಆದರೂ ರಾತ್ರಿ ಅಡುಗೆಮನೆಯ ದೀಪ ಆರಿಸುವವಳು ನಾನೇ. ಗಂಡ ‘ಹೇಳಿದ್ರೆ ಮಾಡ್ತಿದ್ದೆ’ ಅನ್ನುತ್ತಾರೆ. ಹೇಳೋದೂ ಒಂದು ಕೆಲಸ ಅಲ್ವಾ?

ಉತ್ತರ 1:
ಖಂಡಿತ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ವರದಿ ನೋಡಿ. ಸಂಬಳವಿಲ್ಲದ ಮನೆಗೆಲಸ, ಆರೈಕೆಗೆ ಜಗತ್ತಿನಲ್ಲಿ ಹೆಂಗಸರು ದಿನಕ್ಕೆ ಸರಾಸರಿ 4 ಗಂಟೆ 25 ನಿಮಿಷ ಕೊಡುತ್ತಾರೆ. ಗಂಡಸರು 1 ಗಂಟೆ 23 ನಿಮಿಷ.

ಉತ್ತರ 2:
ನಾನು ಅತ್ತೆ. ‘ನಾವೂ ಮಾಡಿಲ್ವಾ’ ಅಂತ ಒಮ್ಮೆ ಸೊಸೆಗೆ ಅಂದುಬಿಟ್ಟೆ. ಅವಳು ಸುಮ್ನೆ ಪಾತ್ರೆ ತೊಳೆದಳು. ಆ ನಲ್ಲಿ ಸದ್ದು ಇವತ್ತಿಗೂ ಚುಚ್ಚುತ್ತದೆ. ಈಗ ಮಗ ತೊಳೆಯುತ್ತಾನೆ. ಹೇಳಿದ್ದು ನಾನೇ.

ಪ್ರಶ್ನೆ ಕೇಳಿದವಳು:
ಅಮ್ಮಾ, ಓದಿ ಕಣ್ಣು ತುಂಬಿತು. ರಾತ್ರಿ ಅಡುಗೆ ಇನ್ನು ಪೂರ್ತಿ ಗಂಡನದ್ದು. ನೆನಪಿಸೋದಿಲ್ಲ.