ಎಲ್‌ಪಿಜಿ ಸೋರಿಕೆ ಲೆಕ್ಕಕ್ಕೆ ಮಧ್ಯಾಹ್ನದ ಹವಾಮಾನ ಹಾಕಬೇಕಾ, ರಾತ್ರಿಯದ್ದಾ?

ಗಿಣಿಗೇರಿ_ಸೇಫ್ಟಿ:
ನಮಸ್ಕಾರ. ಕೊಪ್ಪಳದ ಗಿಣಿಗೇರಿ ಹತ್ತಿರ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಎಲ್‌ಪಿಜಿ ಬುಲೆಟ್ (ಅಡ್ಡ ಮಲಗಿಸಿದ ದೊಡ್ಡ ಟ್ಯಾಂಕ್) ಇದೆ. ಲಿಕ್ವಿಡ್ ಲೈನಿನ ಫ್ಲ್ಯಾಂಜ್‌ನಲ್ಲಿ ಗ್ಯಾಸ್ಕೆಟ್ (ಪೈಪಿನ ಜೋಡಣೆಯ ನಡುವಿನ ಸೀಲ್) ಹೋದರೆ ಏನಾಗುತ್ತದೆ ಅಂತ, ಸೋರಿದ ಗ್ಯಾಸ್ ಎಷ್ಟು ದೂರ ಹರಡುತ್ತದೆ ಎಂದು ಲೆಕ್ಕ ಹಾಕುವ ಅಲೋಹಾ ಸಾಫ್ಟ್‌ವೇರ್‌ನಲ್ಲಿ ನೋಡುತ್ತಿದ್ದೇನೆ. ಏಪ್ರಿಲ್ ಮಧ್ಯಾಹ್ನ, 42 ಡಿಗ್ರಿ, ಗಾಳಿ ಸೆಕೆಂಡಿಗೆ 5 ಮೀಟರ್ ಕೊಟ್ಟರೆ ಬೆಂಕಿ ಹತ್ತುವ ವಲಯ ಕಾಂಪೌಂಡ್ ಒಳಗೇ ಮುಗಿಯುತ್ತದೆ. ಡಿಸೆಂಬರ್ ರಾತ್ರಿ, 2 ಮೀಟರ್ ಗಾಳಿ ಕೊಟ್ಟರೆ ಗೋಡೆ ದಾಟಿ, ಲಾರಿ ನಿಲ್ಲುವ ಜಾಗದ ಚಹಾ ಅಂಗಡಿವರೆಗೂ ಹೋಗುತ್ತದೆ. ನಮ್ಮ ಸಾಹೇಬರು "ನಮ್ದು ಬಿಸಿಲೂರು, ಮಧ್ಯಾಹ್ನದ್ದೇ ಹಾಕಪ್ಪ" ಅಂತಾರೆ. ಬಿಸಿಲಿಗೇ ಅಪಾಯ ಜಾಸ್ತಿ ಅಲ್ವಾ? ರಾತ್ರಿ ಯಾಕೆ ದೂರ ಹೋಗುತ್ತದೆ?

ಸಿಂಧನೂರಿನವ:
ಎರಡೂ ಹಾಕಿ, ದೊಡ್ಡದನ್ನು ಮುಂದಿಡಿ. ಸಾಹೇಬರಿಗೆ ಬೇಕಾಗಿರೋದು ಚಿಕ್ಕ ವೃತ್ತ, ಅಷ್ಟೆ.

ತೋರಣಗಲ್ಲು_ಹಳಬ:
ಬಿಸಿಲಿಗೆ ಬುಲೆಟ್ ಒಳಗಿನ ಒತ್ತಡ ಏರುತ್ತದೆ, ಸೋರುವ ವೇಗವೂ ಏರುತ್ತದೆ. ಅಷ್ಟರ ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ಅದೇ ಬಿಸಿಲು ನೆಲ ಕಾಯಿಸಿ ಗಾಳಿಯನ್ನು ಮೇಲೆ ಕೆಳಗೆ ಕಲಕುತ್ತದೆ. ಗ್ಯಾಸ್ ಬೇಗ ತೆಳುವಾಗುತ್ತದೆ. ಮೋಡವಿಲ್ಲದ ರಾತ್ರಿ ನೆಲ ತಣ್ಣಗಾದರೆ ಈ ಕಲಕಾಟ ಹೆಚ್ಚುಕಮ್ಮಿ ನಿಂತೇ ಹೋಗುತ್ತದೆ. ಎಲ್‌ಪಿಜಿಯಲ್ಲಿರುವ ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬ್ಯೂಟೇನ್ ಎರಡು ಪಟ್ಟು. ನೀರಿನ ಹಾಗೆ ತಗ್ಗು ಹಿಡಿದು ಹೋಗುತ್ತವೆ. ಗಾಳಿಯಲ್ಲಿ ಸುಮಾರು ಶೇ 2ರಷ್ಟು ಬೆರೆತಿದ್ದರೆ ಸಾಕು, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ರಾತ್ರಿಯದ್ದೇ ಹಾಕಿ.

2009ರ ಜೈಪುರ ತೈಲ ಡಿಪೊ ಸ್ಫೋಟ ಆಗಿದ್ದು ಸಂಜೆ ಕತ್ತಲಾದ ಮೇಲೆ, ಗಾಳಿ ಹೆಚ್ಚುಕಮ್ಮಿ ನಿಂತಿದ್ದಾಗ. 2005ರಲ್ಲಿ ಇಂಗ್ಲೆಂಡಿನ ಬನ್ಸ್‌ಫೀಲ್ಡ್‌ನಲ್ಲಿ ಆಗಿದ್ದು ಡಿಸೆಂಬರ್ ತಿಂಗಳ ಬೆಳಗಿನ ಜಾವ 6ಕ್ಕೆ. ಎರಡೂ ಕಡೆ ಪೆಟ್ರೋಲ್ ಆವಿ. ಅದೂ ನೆಲಕ್ಕೆ ಅಂಟಿಕೊಂಡೇ ಹರಡುತ್ತದೆ.

ಬನ್ಸ್‌ಫೀಲ್ಡ್ ವರದಿಯನ್ನು ನೀವು ಓದಲೇಬೇಕು. ಬಯಲಲ್ಲಿ ಆವಿ ಹೊತ್ತಿದರೆ ಬೆಂಕಿ ಹಾಯ್ದು ಹೋಗುತ್ತದೆ, ಹೊಡೆತ ಅಷ್ಟಾಗಿ ಇರಲ್ಲ ಅಂತ ಅಲ್ಲಿಯವರೆಗೆ ಎಲ್ಲರೂ ಲೆಕ್ಕ ಹಾಕುತ್ತಿದ್ದರು. ಅಲ್ಲಿ ಮಾತ್ರ ಲೆಕ್ಕ ಮೀರಿ ಸಿಡಿಯಿತು. ತನಿಖೆಯವರು ಬೊಟ್ಟು ಮಾಡಿದ್ದು ರಸ್ತೆ ಬದಿಯ ಮರ ಮತ್ತು ಪೊದೆಗಳ ಸಾಲನ್ನು. ಒತ್ತೊತ್ತಾದ ಕೊಂಬೆಗಳ ನಡುವೆ ನುಗ್ಗಿದ ಜ್ವಾಲೆ ವೇಗ ಹಿಡಿಯುತ್ತಾ ಹೋಗಿದೆ. ನಿಮ್ಮಲ್ಲೂ ಗೋಡೆಗುಂಟ ಗ್ರೀನ್ ಬೆಲ್ಟ್ ಅಂತ ಹೊಂಗೆ, ಬೇವು ದಟ್ಟವಾಗಿ ಹಚ್ಚಿರ್ತಾರಲ್ಲ? ಆ ಮರಗಳು ಗ್ಯಾಸ್ ಮೋಡದ ವಲಯದೊಳಗೆ ಬಂದರೆ ಅಲೋಹಾದಲ್ಲಿ 'ಕಂಜೆಸ್ಟೆಡ್' (ಅಡೆತಡೆ ದಟ್ಟವಾಗಿರುವ ಜಾಗ) ಆರಿಸಿ ಇನ್ನೊಮ್ಮೆ ಓಡಿಸಿ.

ಗಿಣಿಗೇರಿ_ಸೇಫ್ಟಿ:
ಹೊಂಗೆ ಸಾಲು ಇದೆ ಸರ್, ಬುಲೆಟ್ಟಿನ ಹಿಂದೇನೇ. ಇನ್ನೊಂದು ಅನುಮಾನ. ಬೆಂಕಿ ವಲಯದ ಅಂಚು ತೋರಿಸುವ ಕೆಂಪು ಗೆರೆ ಎಲ್‌ಇಎಲ್‌ನ (ಹೊತ್ತಿಕೊಳ್ಳಲು ಗಾಳಿಯಲ್ಲಿ ಇರಬೇಕಾದ ಕನಿಷ್ಠ ಗ್ಯಾಸ್ ಪ್ರಮಾಣದ) ಶೇ 60ಕ್ಕೆ ಬರುತ್ತಿದೆ. ಪೂರ್ತಿ ನೂರಕ್ಕೆ ಬದಲಿಸು ಅಂತ ಸಾಹೇಬರ ಸಲಹೆ.

ತೋರಣಗಲ್ಲು_ಹಳಬ:
ಮುಟ್ಟಬೇಡಿ. ಅಲೋಹಾ ಕೊಡುವುದು ಸರಾಸರಿ. ನಿಜವಾದ ಮೋಡದಲ್ಲಿ ಒಂದು ಕಡೆ ದಟ್ಟ, ಪಕ್ಕದಲ್ಲೇ ತೆಳು. ಸರಾಸರಿ 60 ಇದ್ದಲ್ಲೂ ಹೊತ್ತಬಲ್ಲ ತುಣುಕು ಇರುತ್ತದೆ. ಅದಕ್ಕೇ ಹಾಗೆ ಇಟ್ಟಿದ್ದಾರೆ.

ಮತ್ತೆ, ಆ ಸಾಫ್ಟ್‌ವೇರ್‌ಗೆ ನೆಲ ಪೂರ್ತಿ ಸಪಾಟು. ಕೇಬಲ್ ಟ್ರೆಂಚು, ಮಳೆನೀರಿನ ಚರಂಡಿ ಅದಕ್ಕೆ ಕಾಣಲ್ಲ. ಬುಲೆಟ್ಟಿನಿಂದ ಶುರು ಮಾಡಿ ಅವು ಎಲ್ಲಿಗೆ ಇಳಿಯುತ್ತವೋ ಅಲ್ಲಿವರೆಗೂ ನಡೆದು, ನಕ್ಷೆ ಮೇಲೆ ಕೈಯಲ್ಲೇ ಗುರುತು ಹಾಕಿ. ಟ್ರೆಂಚು ಸ್ವಿಚ್ ರೂಮಿಗೆ ಹೋಗುತ್ತಿದ್ದರೆ ಬಾಯಿಗೆ ಮರಳು ತುಂಬಿಸಿ ಮುಚ್ಚಿಸಿ. ಆ ಕೆಲಸಕ್ಕೆ ವರದಿ ಮುಗಿಯುವವರೆಗೂ ಕಾಯಬೇಡಿ.